ಬಿಸಿಯೂಟದ ಅಡುಗೆಮನೆಯಲ್ಲಿ ಎಕ್ಸ್ ಮತ್ತು ವೈ

ಗಣಿತದ ಮೇಷ್ಟ್ರಿಗೆ ನಗು ಬರುವುದಿಲ್ಲ ಅಂತ ಜನರಲ್ಲಿ ಒಂದು ನಂಬಿಕೆ ಇದೆ. ಬರುತ್ತದೆ ಸ್ವಾಮಿ. ಹತ್ತನೇ ತರಗತಿಗೆ ಎಕ್ಸ್, ವೈ ಶುರುವಾಯಿತೆಂದರೆ ಪ್ರತಿ ವರ್ಷವೂ ಏನಾದರೊಂದು ಆಗಿಯೇ ಆಗುತ್ತದೆ. ಅದರಲ್ಲೂ ಎರಡು ವರ್ಷದ ಹಿಂದೆ ಆದದ್ದನ್ನು ಈಗಲೂ ಬಸ್ಸಿನಲ್ಲಿ ನೆನೆದು ಒಬ್ಬನೇ ನಗುತ್ತೇನೆ, ಪಕ್ಕದವರು ಸ್ವಲ್ಪ ಸರಿದು ಕೂರುತ್ತಾರೆ.

ನನ್ನ ಮನೆ ಚಳ್ಳಕೆರೆಯಲ್ಲಿ. ಸ್ಕೂಲು ತಳಕು ದಾಟಿ ಬಿ.ಜಿ. ಕೆರೆ ಕಡೆಗೆ ಹೋಗುವ ದಾರಿಯಲ್ಲಿ, ಒಳಗಿನ ಒಂದು ಹಳ್ಳಿಯಲ್ಲಿ. ಇಪ್ಪತ್ತೆರಡು ವರ್ಷದಿಂದ ಹತ್ತನೇ ತರಗತಿಗೆ ಅದೇ ಅಧ್ಯಾಯ ಹೇಳುತ್ತಿದ್ದೇನೆ. ಗೊತ್ತಿಲ್ಲದ ಸಂಖ್ಯೆ ಎರಡಿದ್ದರೆ ಅವುಗಳ ಬಗ್ಗೆ ಎರಡು ಮಾತು ಗೊತ್ತಿರಬೇಕು, ಮೂರಿದ್ದರೆ ಮೂರು ಮಾತು. ಒಂದನ್ನು ಉಪಾಯವಾಗಿ ಹೊರಗೆ ಕಳಿಸಿದರೆ ಉಳಿದದ್ದು ತಾನಾಗಿ ಸಿಕ್ಕಿಬೀಳುತ್ತದೆ. ಇಷ್ಟೇ ಅಧ್ಯಾಯ. ಇಷ್ಟು ಹೇಳಲು ನನಗೆ ಮೂರು ವಾರ ಬೇಕು, ಎರಡು ಸಲ ಸಿಟ್ಟು ಬರಬೇಕು. ನಾನು ಸ್ವಲ್ಪ ಮುಂಗೋಪಿ. ಹಂತಗಳನ್ನು ಬಿಟ್ಟು ಬರೀ ಉತ್ತರ ಬರೆದವರನ್ನು ಕಂಡರಂತೂ ಮೈ ಉರಿಯುತ್ತದೆ.

ಮರಕ್ಕೆ ನಿಂತ ಮೇಕೆಗಳು

ಆ ದಿನ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದೆ. ಒಂದು ಹಟ್ಟಿಯಲ್ಲಿ ಮೇಕೆ, ಕೋಳಿ ಸೇರಿ ಐವತ್ತು ತಲೆ, ನೂರ ನಲವತ್ತು ಕಾಲು. ಮೇಕೆ ಎಷ್ಟು, ಕೋಳಿ ಎಷ್ಟು? ಇಡೀ ತರಗತಿ ನನ್ನ ಮುಖ ನೋಡಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾ, ಹಟ್ಟಿ ಮುಂದೆ ನಿಂತು ಮೇಕೆ ಎಣಿಸಬಾರದು. ಎಣಿಸಿದ್ರೆ ಏಳ್ಗೆ ಆಗಲ್ಲ ಅಂತ ನಮ್ಮವ್ವ ಹೇಳೈತೆ" ಅಂದಳು.

ಅವರ ಮನೆಯಲ್ಲಿ ಎರಡು ಹಿಂಡು ಮೇಕೆ ಇದ್ದವು. ಎಷ್ಟು ಅಂತ ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ. ಗಣತಿಗೆ ಹೋದವರಿಗೂ ಅವಳಪ್ಪ "ಅವೆ ಒಂದಿಷ್ಟು" ಅಂತಲೇ ಬರೆಸಿದ್ದ. "ಅದಕ್ಕೇ ಕಣಮ್ಮ ಎಕ್ಸ್ ಅಂತ ಇಟ್ಕೊಳ್ಳೋದು. ಎಣಿಸಿದ ಹಾಗೂ ಆಗಬಾರದು, ಲೆಕ್ಕ ಸಿಗದ ಹಾಗೂ ಆಗಬಾರದು" ಅಂತ ನಾನು ವಿವರಿಸುತ್ತಿರುವಾಗಲೇ ಕಿಟಕಿಯ ಕಡೆಯಿಂದ ಒಂದು ದನಿ ಬಂತು.

"ಮೇಕೆ ಇಪ್ಪತ್ತು, ಕೋಳಿ ಮೂವತ್ತು."

ನಮ್ಮ ತರಗತಿಯ ಕಿಟಕಿಯಾಚೆ ಬಿಸಿಯೂಟದ ಅಡುಗೆಮನೆ. ಅಲ್ಲಿ ಅಡುಗೆ ಮಾಡುವ ಹೆಂಗಸು ಸಾರಿನ ಸೌಟು ಹಿಡಿದು ನಿಂತಿದ್ದಳು. ಮೂವತ್ಮೂರು ವರ್ಷದವಳು, ಸ್ಕೂಲಿನ ಹತ್ತಿರದ ಹಟ್ಟಿಯಿಂದ (ನಮ್ಮ ಕಡೆ ಸಣ್ಣ ಊರಿಗೂ ಹಟ್ಟಿ ಅಂತಲೇ ಅನ್ನುತ್ತಾರೆ) ದಿನಾ ಬರುವವಳು. ಬಂದು ನಾಲ್ಕು ವರ್ಷವಾಗಿದ್ದರೂ "ಊಟಕ್ಕೆ ಬನ್ನಿ ಸಾ" ಬಿಟ್ಟು ಬೇರೆ ಮಾತು ನಾನು ಕೇಳಿರಲಿಲ್ಲ.

"ಹೆಂಗಮ್ಮ ಹೇಳಿದೆ?" ಅಂದೆ.

"ಮೇಕೆ ಜಾಲಿ ಸೊಪ್ಪು ಮೇಯಕ್ಕೆ ಮುಂದಿನ ಕಾಲು ಎತ್ತಿ ಮರಕ್ಕೆ ನಿಲ್ತಾವಲ್ಲ ಸಾ, ಹಂಗೆ ಎಲ್ಲಾನೂ ನಿಲ್ಲಿಸ್ದೆ. ಆಗ ಮೇಕೆಗೂ ಎರಡೇ ಕಾಲು, ಕೋಳಿಗೂ ಎರಡೇ ಕಾಲು. ಐವತ್ತು ತಲೆಗೆ ನೂರು ಕಾಲು ನೆಲದ ಮೇಲೆ ಅವೆ. ಉಳಿದ ನಲವತ್ತು ಮರದ ಮೇಲೆ. ಒಂದು ಮೇಕೆಗೆ ಎರಡರಂಗೆ ಇಪ್ಪತ್ತು ಮೇಕೆ."

ಹೇಳಿ, ಸಾರು ಉಕ್ಕುತ್ತದೆಂದು ಒಳಗೆ ಹೋದಳು. ನಾನು ಎಕ್ಸ್, ವೈ ಇಟ್ಟು ಆರು ಸಾಲು ಬರೆದು ಅದೇ ಉತ್ತರಕ್ಕೆ ಬಂದೆ. ಮಕ್ಕಳು ನನ್ನ ಆರು ಸಾಲನ್ನು ಮರ್ಯಾದೆಗೆ ಬರೆದುಕೊಂಡರು.

ಮುಂದಿನ ವಾರ ಕಿರು ಪರೀಕ್ಷೆ ಕೊಟ್ಟೆ. ಬೇಕೆಂದೇ ಮೇಕೆ, ಕೋಳಿ ಬಿಟ್ಟು ಕಾರು, ಬೈಕಿನ ಲೆಕ್ಕ ಇಟ್ಟೆ. ಹನ್ನೆರಡು ಮಕ್ಕಳು ಕಾರುಗಳ ಮುಂದಿನ ಚಕ್ರ ಎತ್ತಿ ಜಾಲಿ ಮರಕ್ಕೆ ನಿಲ್ಲಿಸಿದ್ದರು.

ಉಪ್ಪು ಯಾವಾಗ ಹಾಕಿದೆ

ಅದಾಗಿ ಎರಡು ದಿನಕ್ಕೆ, ಪಾತ್ರೆ ತೊಳೆದು ಮುಗಿಸಿ ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ಸೆರಗಿನ ಒಳಗೆ ಮಡಚಿಟ್ಟಿದ್ದ ಒಂದು ಜೆರಾಕ್ಸ್ ಕಟ್ಟು ತೆಗೆದು ನನ್ನ ಮುಂದಿಟ್ಟಳು. ಅವಳದೇ ಎಸ್ಸೆಸ್ಸೆಲ್ಸಿ ಗಣಿತದ ಉತ್ತರ ಪತ್ರಿಕೆ.

ವಿಷಯ ಹೀಗೆ. ಹದಿನಾರನೇ ವಯಸ್ಸಿಗೆ ಪರೀಕ್ಷೆ ಕಟ್ಟಿ, ಉಳಿದದ್ದೆಲ್ಲ ಪಾಸಾಗಿ, ಗಣಿತ ಒಂದರಲ್ಲಿ ಹೋಗಿತ್ತು. ಹದಿನೆಂಟಕ್ಕೆ ಮದುವೆ. ಮದುವೆಯಾದ ಮೇಲೆ ಎರಡು ಸಲ ಕಟ್ಟಿದಳು, ಎರಡು ಸಲವೂ ಮತ್ತದೇ ಗಣಿತ. ಈಗ ಯಾಕೆ ಅವಸರ ಅಂದರೆ, ಅವರ ಹಟ್ಟಿಯ ಅಂಗನವಾಡಿಯಲ್ಲಿ ಮೂವತ್ತು ವರ್ಷ ಸಹಾಯಕಿಯಾಗಿದ್ದವರು ಅವಳ ಅತ್ತೆ. ಅತ್ತೆ ನಿವೃತ್ತಿಯಾಗಿ ಜಾಗ ಖಾಲಿ ಇತ್ತು. ಅತ್ತೆಯ ಕಾಲದಲ್ಲಿ ಓದು ಕೇಳುತ್ತಿರಲಿಲ್ಲ, ಮಕ್ಕಳು ಅಳದಂತೆ ನೋಡಿಕೊಂಡರೆ ಸಾಕಿತ್ತು. ಈಗ ಎಸ್ಸೆಸ್ಸೆಲ್ಸಿ ಬೇಕು, ಮೂವತ್ತೈದು ದಾಟಿರಬಾರದು. ಇವಳ ಕೈಯಲ್ಲಿ ಉಳಿದಿದ್ದದ್ದು ಹೆಚ್ಚೆಂದರೆ ಒಂದು ಪರೀಕ್ಷೆ.

"ಅತ್ತೆ ಕೂತ ಜಾಗ ಸಾ. ಬೇರೇರು ಬಂದ್ರೆ ಅತ್ತೆ ಬಾಯಿ ಬಿಟ್ಟು ಏನೂ ಅನ್ನಲ್ಲ. ಆದ್ರೆ ಆ ದಾರಿಲಿ ಓಡಾಡೋದೇ ಬಿಟ್ಟುಬಿಡ್ತಾರೆ" ಅಂದಳು.

ಜೆರಾಕ್ಸ್ ನೋಡಿದೆ. ನಾಲ್ಕು ಅಂಕದ ಲೆಕ್ಕ. ಅವಳು ಒಂದೇ ಸಾಲಿನಲ್ಲಿ ಉತ್ತರ ಬರೆದಿದ್ದಳು. ಉತ್ತರ ಸರಿ. ಅಂಕ ಒಂದು.

"ಸರಿ ಐತಲ್ಲ ಸಾ?"

"ಉತ್ತರ ಸರಿ ಇದೆ. ಹಂತ ಎಲ್ಲಿ?"

ಅವಳಿಗೆ ನಿಜವಾಗಿಯೂ ಬೇಜಾರಾಯಿತು. "ನಾನು ದಿನಾ ಇನ್ನೂರು ಮಕ್ಕಳಿಗೆ ಸಾರು ಮಾಡ್ತೀನಿ. ರುಚಿ ನೋಡಿ ಚೆನ್ನಾಗೈತೆ ಅಂತೀರಿ. ಉಪ್ಪು ಎಷ್ಟು ಗಂಟೆಗೆ ಹಾಕ್ದೆ, ಬೇಳೆ ಯಾವಾಗ ಬೆಂತು ಅಂತ ಒಂದಿನನಾದ್ರೂ ಕೇಳಿದ್ದೀರಾ?"

ಉತ್ತರ ಹೊಳೆಯದಿದ್ದಾಗ ಮೇಷ್ಟ್ರುಗಳು ಮಾಡುವುದನ್ನೇ ಮಾಡಿದೆ. ದನಿ ಎತ್ತರಿಸಿ, ನಾಳೆಯಿಂದ ಮಧ್ಯಾಹ್ನ ಎರಡೂವರೆಗೆ ನೋಟ್‌ಬುಕ್ ತಗೊಂಡು ಕೂರಬೇಕು ಅಂದೆ. ಮಾರನೇ ದಿನ ಸಾರಿನ ಪಾತ್ರೆಯ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: "ಬೇಳೆ ಹತ್ತಕ್ಕೆ, ಉಪ್ಪು ಹತ್ತೂ ಮುಕ್ಕಾಲಿಗೆ, ಒಗ್ಗರಣೆ ಹನ್ನೊಂದೂವರೆಗೆ. ಆದ್ದರಿಂದ ಸಾರು."

ಹೇಳಬಾರದ ಹೆಸರು

ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಪಾಠ ಶುರುವಾಯಿತು. ಅವಳು ಒಂದು ಅಕ್ಕಿ ಮೂಟೆಯ ಮೇಲೆ, ನಾನು ಇನ್ನೊಂದರ ಮೇಲೆ. ಸಹ ಅಡುಗೆಯವರಾದ ಇನ್ನಿಬ್ಬರು ಹೆಂಗಸರು ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಾ ಎಕ್ಸ್, ವೈ ಕೇಳಿಸಿಕೊಳ್ಳುತ್ತಿದ್ದರು.

ಅವಳ ಜಗಳ ಮೊದಲ ಸಾಲಿನ ಜೊತೆಗೇ ಇತ್ತು. "ಮೇಕೆಗಳ ಸಂಖ್ಯೆ ಎಕ್ಸ್ ಆಗಿರಲಿ" ಅಂತ ಬರೆಯಲು ಹೇಳಿದರೆ, "ಇಪ್ಪತ್ತು ಅಂತ ಗೊತ್ತಿರೋವಾಗ ಎಕ್ಸ್ ಅಂತ ಯಾಕೆ ಸುಳ್ಳು ಬರೀಲಿ?" ಅನ್ನುತ್ತಿದ್ದಳು. ಮೂರು ದಿನ ಅದೇ ಆಯಿತು. ನಾಲ್ಕನೇ ದಿನ ನನಗೊಂದು ಉಪಾಯ ಹೊಳೆಯಿತು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ. ಇವಳಂತೂ ಅದರಲ್ಲಿ ಬಲು ಕಟ್ಟುನಿಟ್ಟು.

"ನಿನ್ನ ಯಜಮಾನನ ಹೆಸರೇನಮ್ಮ?" ಅಂದೆ.

ಅವಳು ತಲೆ ತಗ್ಗಿಸಿದಳು. ಬಾಗಿಲಲ್ಲಿದ್ದ ಹೆಂಗಸರು ನಕ್ಕರು.

"ನಿನಗೆ ಗೊತ್ತು, ಆದರೂ ಹೇಳಲ್ಲ. 'ನಮ್ಮನೇರು' ಅಂತೀಯ. ಎಲ್ಲರಿಗೂ ಅರ್ಥ ಆಗುತ್ತದೆ, ಕೆಲಸವೂ ನಡೆಯುತ್ತದೆ. ಎಕ್ಸ್ ಅಂದರೂ ಹಾಗೇ. ಗೊತ್ತಿದ್ದರೂ ಹೆಸರು ಹೇಳದೆ ಎಕ್ಸ್ ಅಂತಲೇ ಕರೀಬೇಕು."

ಅವಳ ಮುಖ ಅರಳಿತು. "ಇದನ್ನ ಮೊದಲೇ ಹೇಳಬಾರದಿತ್ತಾ ಸಾ?" ಅಂದಳು. ಅಂದಿನಿಂದ ಎಕ್ಸ್ ಇಡುವುದಕ್ಕೆ ಒಂದು ದಿನವೂ ತಕರಾರು ಮಾಡಲಿಲ್ಲ. ಅಷ್ಟೇ ಅಲ್ಲ, ಎಕ್ಸ್ ಅಕ್ಷರವನ್ನು ಮಿಕ್ಕ ಅಕ್ಷರಗಳಿಗಿಂತ ಸ್ವಲ್ಪ ದೊಡ್ಡದಾಗಿ, ನೀಟಾಗಿ ಬರೆಯತೊಡಗಿದಳು. ನಾನು ಬಸ್ಸಿನಲ್ಲಿ ಮನೆಗೆ ಬರುವಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ವಾರದ ಕೊನೆಗೆ ಒಂದು ಪರೀಕ್ಷೆ ಕೊಟ್ಟೆ. ಐದು ಲೆಕ್ಕ. ಐದರಲ್ಲೂ ಹಂತಗಳು ಚಂದವಾಗಿ ಬಂದಿದ್ದವು. ವೈ ಬೆಲೆ ಐದರಲ್ಲೂ ಸರಿ. ಎಕ್ಸ್ ಬೆಲೆಯ ಜಾಗ ಮಾತ್ರ ಐದರಲ್ಲೂ ಖಾಲಿ. ಸಮ ಚಿಹ್ನೆ ಹಾಕಿ ಹಾಗೇ ಬಿಟ್ಟಿದ್ದಳು.

"ಇದೇನಮ್ಮ, ಕೊನೇ ಸಾಲು ಎಲ್ಲಿ?"

"ಎಕ್ಸ್ ಅಂದ್ರೆ ನಮ್ಮನೇರು ಇದ್ದಂಗೆ ಅಂತ ನೀವೇ ಹೇಳಿದ್ರಿ ಸಾ. ನಾನ್ ಹೆಂಗೆ ಬಾಯಿ ಬಿಟ್ಟು ಹೇಳಲಿ? ವೈ ಬರ್ದೀನಲ್ಲ, ಮಿಕ್ಕಿದ್ದು ಅವ್ರೇ ಅಂತ ನೋಡಿದೋರಿಗೆ ತಿಳೀತೈತೆ."

ತಪ್ಪು ನನ್ನದೇ. ಬಾಗಿಲಲ್ಲಿದ್ದ ಹೆಂಗಸರಲ್ಲಿ ಒಬ್ಬಳು ಸೊಪ್ಪು ಬಿಡಿಸುವುದು ನಿಲ್ಲಿಸಿ, "ಹೋಗ್ಲಿ ಬಿಡಿ ಸಾ, ಎಕ್ಸ್ ನೀವೇ ಬರ್ಕಳ್ಳಿ. ಓಟಿನ ಪಟ್ಟಿಗೂ ಅವಳ ಗಂಡನ ಹೆಸರು ನಾನೇ ಬರೆಸಿದ್ದು" ಅಂದಳು.

ಆರು ಸಾಲು

ಕೊನೆಗೆ ಆ ತೊಡಕು ಬಗೆಹರಿದದ್ದು ಎಕ್ಸನ್ನು ಬಿಟ್ಟು ಬೇರೆ ಅಕ್ಷರಗಳನ್ನು ಇಟ್ಟುಕೊಂಡ ಮೇಲೆ. ಆದರೆ ಅವಳಿಗೆ ಆತುರ ಕಮ್ಮಿಯಾಗಿರಲಿಲ್ಲ. ಉತ್ತರ ತಲೆಗೆ ಬಂದ ಕೂಡಲೇ ನಡುವಿನ ಎರಡು ಮೂರು ಹಂತ ಹಾರಿಬಿಡುತ್ತಿದ್ದಳು. ಮನೆಗೆ ಕೊಟ್ಟ ಲೆಕ್ಕದಲ್ಲಂತೂ ಮೂರೇ ಸಾಲು. ನಾನು ಬೈಯುತ್ತಿದ್ದೆ, ಅವಳು ತಲೆ ತಗ್ಗಿಸುತ್ತಿದ್ದಳು, ಮಾರನೇ ದಿನ ಮತ್ತೆ ಮೂರೇ ಸಾಲು.

ಒಂದು ಮಧ್ಯಾಹ್ನ ಅವಳ ಅತ್ತೆ ಸ್ಕೂಲಿಗೆ ಬಂದರು. ತೆಳ್ಳನೆಯ, ಎತ್ತರದ ಹೆಂಗಸು. ಹುಟ್ಟಿದ್ದು ಗಡಿಯಾಚೆಯ ರಾಯದುರ್ಗದ ಕಡೆ, ಹಾಗಾಗಿ ಮಾತು ಕನ್ನಡದಲ್ಲಿ ಶುರುವಾದರೂ ನಡುವೆ ಎಲ್ಲಿ ಬೇಕಾದರೂ ತೆಲುಗಿಗೆ ಇಳಿಯುತ್ತಿತ್ತು. ಅಕ್ಷರ ಬರುವುದಿಲ್ಲ ಅಂತ ಅವರೇ ಮೊದಲು ಹೇಳಿದರು.

"ಮೇಷ್ಟ್ರೇ, ಒಂದು ಲೆಕ್ಕಕ್ಕೆ ಎಷ್ಟು ಸಾಲು ಇರಬೇಕು?"

ಇಂಥ ಪ್ರಶ್ನೆಯನ್ನು ಅಲ್ಲಿಯವರೆಗಿನ ಇಪ್ಪತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. "ಕಮ್ಮಿ ಅಂದರೂ ಆರು ಬೇಕು ಅವ್ವ" ಅಂದೆ.

"ಆರು. ಸರಿ" ಅಂದು ಹೊರಟೇ ಹೋದರು.

ಅಲ್ಲಿಂದಾಚೆಗೆ ನೋಟ್‌ಬುಕ್ಕಿನ ರೂಪವೇ ಬದಲಾಯಿತು. ಪ್ರತಿ ಲೆಕ್ಕಕ್ಕೂ ಆರು ಸಾಲು. ಆಮೇಲೆ ತಿಳಿಯಿತು, ಸಂಜೆ ಸೊಸೆ ಲೆಕ್ಕ ಮುಗಿಸಿದ ಮೇಲೆ ಅತ್ತೆ ಪುಸ್ತಕ ಇಸಕೊಂಡು ಬೆರಳಿಟ್ಟು ಸಾಲು ಎಣಿಸುತ್ತಿದ್ದರಂತೆ. ಒಂದು ಕಮ್ಮಿಯಾದರೆ "ಐದೇ ಉನ್ನಾಯಿ, ಇಂಕೊಕಟಿ ಏದೀ?" ಅಂತ ತೆಲುಗಿನಲ್ಲಿ ಕೇಳುತ್ತಿದ್ದರಂತೆ. ಐದೇ ಇದೆ, ಇನ್ನೊಂದೆಲ್ಲಿ ಅಂತ. ಆರನೆಯದು ಬರುವ ತನಕ ಮುದ್ದೆ ತಟ್ಟೆಗೆ ಬೀಳುತ್ತಿರಲಿಲ್ಲ. ಓದು ಬಾರದ ಆ ಹೆಂಗಸು ಎರಡು ದಿನದಲ್ಲಿ ಮಾಡಿದ್ದನ್ನು ನಾನು ಎರಡು ತಿಂಗಳಲ್ಲಿ ಮಾಡಿರಲಿಲ್ಲ. ಅದನ್ನು ಸ್ಟಾಫ್ ರೂಮಿನಲ್ಲಿ ಹೇಳಲು ನನಗೆ ಆಗ ಧೈರ್ಯ ಬರಲಿಲ್ಲ, ಈಗ ಹೇಳುತ್ತಿದ್ದೇನೆ.

ಒಂದು ದಿನ ಒಂದು ಸಲೀಸಾದ ಲೆಕ್ಕ ಐದೇ ಸಾಲಿಗೆ ಮುಗಿದುಹೋಗಿತ್ತು. ಎಷ್ಟು ಎಳೆದರೂ ಆರಾಗುವಂಥದ್ದಲ್ಲ. ಆದರೂ ಆರನೆಯ ಸಾಲು ಇತ್ತು. "ತಾಳೆ ನೋಡುವುದು" ಅಂತ ಬರೆದು, ಅದರ ಮುಂದೆ: "ಅತ್ತೆ ನೋಡಿದ್ದಾರೆ."

ಕೆಟ್ಟ ಮಷೀನು

ಫೆಬ್ರವರಿಯಲ್ಲಿ ವಿಜ್ಞಾನ ದಿನ ಬಂತು. ಕುದಾಪುರದ ಕಡೆಯ ಸಂಶೋಧನಾ ಕ್ಯಾಂಪಸ್ಸೊಂದರಿಂದ ಒಬ್ಬ ವಿಜ್ಞಾನಿಯನ್ನು ಅತಿಥಿಯಾಗಿ ಕರೆದಿದ್ದೆವು. ವಯಸ್ಸು ಚಿಕ್ಕದು, ಮಾತು ಮೆತ್ತಗೆ. ಮಕ್ಕಳಿಗೆ ಅರ್ಥವಾಗಲೆಂದು, "ನೀವು ಎರಡು ಗೊತ್ತಿಲ್ಲದ ಸಂಖ್ಯೆ ಬಿಡಿಸ್ತೀರಿ. ನಾವು ಸಾವಿರಾರು ಗೊತ್ತಿಲ್ಲದ ಸಂಖ್ಯೆಗಳನ್ನು ಒಟ್ಟಿಗೇ ಬಿಡಿಸ್ತೀವಿ. ಅದಕ್ಕೆ ಒಂದು ದೊಡ್ಡ ಕೋಣೆಯಷ್ಟು ಕಂಪ್ಯೂಟರ್ ಬೇಕು" ಅಂತ ಹೇಳಿದರು. ಅಡುಗೆಯವಳು ಬಾಗಿಲ ಪಕ್ಕ ನಿಂತು ಎಲ್ಲಾ ಕೇಳಿಸಿಕೊಂಡಳು.

ಊಟಕ್ಕೆ ಕೂತಾಗ ನಾನು ಸ್ವಲ್ಪ ಜಂಬದಿಂದ ಇವಳು ಈ ಸಲ ಪರೀಕ್ಷೆ ಕಟ್ಟಿದ್ದಾಳೆ ಅಂದೆ. ಅವರಿಗೆ ಖುಷಿಯಾಗಿ, ದಿನದ ಕೆಲಸದಲ್ಲಿ ಗಣಿತ ಬೇಕಾಗುತ್ತದೆಯೇ ಅಂತ ಕೇಳಿದರು.

"ಬೇಕು ಸಾ. ನಮ್ಮ ತೂಕದ ಮಷೀನು ಆರು ಕೆಜಿಗಿಂತ ಕಮ್ಮಿ ಇಟ್ರೆ ಸೊನ್ನೆ ತೋರಿಸ್ತೈತೆ. ಅದಕ್ಕೇ ಎರಡೆರಡು ಚೀಲ ಒಟ್ಟಿಗೆ ಇಡ್ತೀನಿ. ಇವತ್ತು ಬೇಳೆ, ಟೊಮೇಟೊ ಸೇರಿ ಏಳು ಕೆಜಿ. ಟೊಮೇಟೊ, ಈರುಳ್ಳಿ ಸೇರಿ ಎಂಟು. ಬೇಳೆ, ಈರುಳ್ಳಿ ಸೇರಿ ಒಂಬತ್ತು."

ವಿಜ್ಞಾನಿಗಳು ಎಡಗೈಯಲ್ಲೇ ಪೆನ್ನು ತೆಗೆದು, ಕಾರ್ಯಕ್ರಮದ ಕರಪತ್ರದ ಹಿಂದೆ ಮೂರು ಸಾಲು, ಮೂರು ಕಂಬಸಾಲು ಹಾಕಿ, ಮ್ಯಾಟ್ರಿಕ್ಸ್ ಬಿಡಿಸಲು ಆವರಣ ಎಳೆದರು. ಅವಳು ಅವರ ತಟ್ಟೆಗೆ ಸಾರು ಬಿಡುತ್ತಾ ಹೇಳಿದಳು: "ಮೂರನ್ನೂ ಕೂಡಿದ್ರೆ ಇಪ್ಪತ್ನಾಲ್ಕು. ಒಂದೊಂದು ಚೀಲನೂ ಎರಡೆರಡು ಸಲ ಬಂದೈತಲ್ಲ, ಅರ್ಧ ಮಾಡಿದ್ರೆ ಹನ್ನೆರಡು. ಅದ್ರಲ್ಲಿ ಬೇಳೆ ಟೊಮೇಟೊದ ಏಳು ತೆಗೆದ್ರೆ ಈರುಳ್ಳಿ ಐದು. ಇನ್ನು ಬೇಳೆ ನಾಲ್ಕು, ಟೊಮೇಟೊ ಮೂರು."

ಅವರು ಪೆನ್ನು ಜೇಬಿಗಿಟ್ಟು ನಗುತ್ತಾ ಕೈ ಮುಗಿದರು. ಅವಳಿಗೆ ಮಾತ್ರ ಬೆಳಿಗ್ಗೆಯಿಂದ ಒಂದು ಅನುಮಾನ ಕೊರೆಯುತ್ತಿತ್ತು. ಮರುಕದಿಂದಲೇ ಕೇಳಿದಳು:

"ಸಾವಿರ ಗೊತ್ತಿಲ್ಲ ಅಂದ್ರಲ್ಲ ಸಾ, ನಿಮ್ಮಲ್ಲೂ ಮಷೀನು ಕೆಟ್ಟೈತಾ?"

ಸುಳ್ಳು ಹೇಳಿದ್ದು ಯಾವುದು

ಪರೀಕ್ಷಾ ಕೇಂದ್ರ ಮೊಳಕಾಲ್ಮೂರಿನಲ್ಲಿ ಬಿದ್ದಿತ್ತು. ನನಗೆ ಚಳ್ಳಕೆರೆಯಲ್ಲಿ ಕೊಠಡಿ ಮೇಲ್ವಿಚಾರಣೆ. ಅವಳ ಜೊತೆ ಅತ್ತೆ ಹೋದರು. ಗೇಟಿನ ಹೊರಗೆ ಹುಣಸೆ ಮರದ ಕೆಳಗೆ, ಪೊಲೀಸಿನವರು ಎದ್ದು ಹೋಗಿ ಅಂದರೂ ಕದಲದೆ ಮೂರು ಗಂಟೆ ಕೂತಿದ್ದರಂತೆ.

ಮಧ್ಯಾಹ್ನ ಫೋನ್ ಬಂತು. "ಹೋಯ್ತು ಸಾ" ಅಂದಳು.

"ಏನು ಹೋಯ್ತಮ್ಮ?"

"ಬೇರೆ ಲೆಕ್ಕಗಳು ಅಷ್ಟಕ್ಕಷ್ಟೇ. ಸಮೀಕರಣದ ಒಂದನ್ನೇ ನಂಬಿಕೊಂಡಿದ್ದೆ. ಅದಕ್ಕೆ ಉತ್ತರನೇ ಬರಲಿಲ್ಲ."

ನಾನು ಪ್ರಶ್ನೆ ಪತ್ರಿಕೆ ತೆಗೆದು ನೋಡಿದೆ. ಮೂರು ಎಕ್ಸ್, ಎರಡು ವೈ ಕೂಡಿದರೆ ಹನ್ನೊಂದು. ಆರು ಎಕ್ಸ್, ನಾಲ್ಕು ವೈ ಕೂಡಿದರೆ ಇಪ್ಪತ್ತೈದು. ಪರಿಹಾರ ಇದೆ ಅಥವಾ ಇಲ್ಲ ಎಂಬುದನ್ನು ತೋರಿಸಿ. ಎರಡು ಸಮೀಕರಣಗಳು ಒಂದಕ್ಕೊಂದು ಹೊಂದದೆ ಉತ್ತರವೇ ಸಿಗದಿರುವ ಇಂಥ ಲೆಕ್ಕಗಳೂ ಇವೆ. ಆ ಭಾಗವನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ದಿನ ಕಮ್ಮಿ ಇದ್ದವು, ಪಾಸಿಗೆ ಇಷ್ಟು ಸಾಕು, ಇದು ಬರುವುದಿಲ್ಲ ಬಿಡು ಅಂತ ಪುಟ ಮಗುಚಿದ್ದು ನಾನೇ.

"ಏನು ಬರೆದೆ?"

"ಮೊದಲನೇದನ್ನ ಎರಡರಿಂದ ಗುಣಿಸಿದೆ. ಆರು ಎಕ್ಸ್, ನಾಲ್ಕು ವೈ, ಇಪ್ಪತ್ತೆರಡು ಅಂತ ಬಂತು. ಎರಡನೇದು ನೋಡಿದ್ರೆ ಅದೇ ಆರು ಎಕ್ಸ್, ಅದೇ ನಾಲ್ಕು ವೈ, ಇಪ್ಪತ್ತೈದು ಅಂತೈತೆ. ಕಳೆದ್ರೆ ಎಲ್ಲಾ ಹೋಗಿ ಸೊನ್ನೆಗೂ ಮೂರಕ್ಕೂ ಸಮ ಅಂತ ಆಯ್ತು. ಮೂರು ಸಲ ಮಾಡಿ ನೋಡಿದೆ ಸಾ. ಆಮೇಲೆ ಇನ್ನೇನ್ ಮಾಡಲಿ, ಕಂಡಿದ್ದನ್ನ ಬರೆದೆ."

"ಏನಂತ?"

"'ಇವೆರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ. ಆದ್ದರಿಂದ ಉತ್ತರ ಇಲ್ಲ' ಅಂತ."

ಅದು ಸರಿಯಾದ ಉತ್ತರ. ಪುಸ್ತಕ ಅರ್ಧ ಪುಟ ತೆಗೆದುಕೊಂಡು ಹೇಳುವುದನ್ನು ಅವಳು ಯಾರೂ ಹೇಳಿಕೊಡದೆ ಒಂದು ಸಾಲಿನಲ್ಲಿ ಹೇಳಿದ್ದಳು. ಸರಿ ಇದೆ ಅಂತ ಅವಳಿಗೆ ಹೇಳಿದೆ, ಅವಳು ನಂಬಲಿಲ್ಲ, ಸಮಾಧಾನಕ್ಕೆ ಹೇಳುತ್ತೀರಿ ಅಂದಳು. ಆದರೆ ನನಗೆ ಬೇರೆ ಭಯ ಹಿಡಿಯಿತು. ಮೌಲ್ಯಮಾಪನಕ್ಕೆ ನಾನೂ ಹೋದವನೇ. "ಸುಳ್ಳು ಹೇಳುತ್ತಿದೆ" ಅಂತ ಯಾರಾದರೂ ಬರೆದಿದ್ದರೆ, ಇದೇನು ಕಟ್ಟೆ ಪಂಚಾಯ್ತಿಯೇ ಅಂತ ಗೊಣಗಿ, ಒಂದು ಅಂಕ ಕೊಟ್ಟು ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ಹಾಗೆ ಎಷ್ಟು ಜನರಿಗೆ ಮಾಡಿದ್ದೇನೋ. ಫಲಿತಾಂಶ ಬರುವ ತನಕ ನನಗೆ ಊಟ ಸೇರಲಿಲ್ಲ. ಅವಳ ಪತ್ರಿಕೆ ನನ್ನಂಥ ಮೇಷ್ಟ್ರ ಕೈಗೆ ಸಿಗದಿರಲಿ ಅಂತ ಬೇಡಿಕೊಂಡೆ. ದೇವರಿಗೆ ಇಂಥ ಬೇಡಿಕೆ ಇಟ್ಟ ಮೇಷ್ಟ್ರು ನಾನೊಬ್ಬನೇ ಇರಬೇಕು.

ರಜೆಯಲ್ಲೇ ಫಲಿತಾಂಶ ಬಂತು. ನಾನು ಅವರ ಹಟ್ಟಿಗೇ ಹೋಗಿ, ಜಗುಲಿಯಲ್ಲಿ ಕೂತು, ಸಿಗ್ನಲ್ಲಿಗಾಗಿ ಮೊಬೈಲು ಎತ್ತಿ ಹಿಡಿದು ನಂಬರು ಹಾಕಿದೆ. ಪಾಸಾಗಲು ಬೇಕಾದುದಕ್ಕಿಂತ ಒಂದೇ ಒಂದು ಅಂಕ ಹೆಚ್ಚು. ಹೇಳಿದೆ. ಅವಳು "ಹೂಂ ಸಾ" ಅಂದು, ನನಗೆ ಮಜ್ಜಿಗೆ ತರುತ್ತೇನೆಂದು ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಒಳಗೆ ಅಳುವುದು ಕೇಳಿಸುತ್ತಿತ್ತು. ಅತ್ತೆ ನನ್ನ ಪಕ್ಕದಲ್ಲೇ ಕೂತಿದ್ದರು, ಅವರೂ ಏಳಲಿಲ್ಲ, ಕಣ್ಣೂ ಒರೆಸಿಕೊಳ್ಳಲಿಲ್ಲ. ನಾನು ಒರೆಸಿಕೊಂಡೆ.

ಅರ್ಜಿ ಹಾಕಿ, ಪಟ್ಟಿಯಲ್ಲಿ ಹೆಸರು ಬಂದು, ಆದೇಶ ಕೈಗೆ ಸಿಗುವಷ್ಟರಲ್ಲಿ ಕಡಲೆಕಾಯಿ ಕೀಳುವ ಕಾಲ ಬಂದಿತ್ತು. ಅಷ್ಟರಲ್ಲಿ ನಾನು ಸುಮ್ಮನಿರಲಾರದೆ ಅವಳಿಂದ ಅರ್ಜಿ ಹಾಕಿಸಿ ಉತ್ತರ ಪತ್ರಿಕೆಯ ಪ್ರತಿ ತರಿಸಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಅವಳು ಕೆಲಸಕ್ಕೆ ಸೇರಿದ ವಾರ ಅದನ್ನು ತೆಗೆದುಕೊಂಡು ಅಂಗನವಾಡಿಗೆ ಹೋದೆ. ಹದಿನೈದಿಪ್ಪತ್ತು ಪುಟಾಣಿಗಳ ನಡುವೆ ಅವಳು ಒಂದು ಮಗುವಿನ ಮೂಗು ಒರೆಸುತ್ತಿದ್ದಳು. ಅತ್ತೆ, ಕೆಲಸ ಹೇಳಿಕೊಡುವ ನೆಪದಲ್ಲಿ ದಿನಾ ಬರುತ್ತಿದ್ದವರು, ಗೋಡೆಗೊರಗಿ ಎಲೆ ಅಡಿಕೆ ಜಗಿಯುತ್ತಿದ್ದರು.

ಪುಟ ತೆಗೆದು ತೋರಿಸಿದೆ. "ಸುಳ್ಳು ಹೇಳುತ್ತಿದೆ" ಎಂಬ ಸಾಲಿನ ಪಕ್ಕ ಯಾರೋ ಪುಣ್ಯಾತ್ಮರು ಕೆಂಪು ಶಾಯಿಯಲ್ಲಿ ದೊಡ್ಡದಾಗಿ ರೈಟು ಹಾಕಿ ಪೂರಾ ಅಂಕ ಕೊಟ್ಟಿದ್ದರು. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಹಾಳೆ ಮಗುಚಿ ಹಿಂದೆ ನೋಡಿದಳು, ಅಂಚಿನಲ್ಲೆಲ್ಲ ನೋಡಿದಳು.

"ಏನು ಹುಡುಕ್ತಿದ್ದೀಯಮ್ಮ?"

"ಮಾರ್ಕ್ಸ್ ಏನೋ ಕೊಟ್ಟವ್ರೆ ಸಾ. ಸುಳ್ಳು ಹೇಳಿದ್ದು ಯಾವುದು ಅಂತ ಅವ್ರೂ ಬರ್ದಿಲ್ಲವಲ್ಲ."

ಅದನ್ನು ಯಾರೂ ಹೇಳಲಾಗುವುದಿಲ್ಲ, ಎರಡೂ ಒಟ್ಟಿಗೆ ನಿಜವಾಗಲಾರವು ಅಂತಷ್ಟೇ ಗಣಿತ ಹೇಳುತ್ತದೆ ಅಂತ ನಾನು ವಿವರಿಸತೊಡಗಿದೆ. ಅತ್ತೆ ನಡುವೆ ಬಾಯಿ ಹಾಕಿದರು. "ಎರಡನ್ನೂ ಒಂದ್ಸಲ ಓದು, ಕೇಳಾನ."

ಸೊಸೆ ಓದಿದಳು. ಮೂರು ಎಕ್ಸ್, ಎರಡು ವೈ, ಹನ್ನೊಂದು. ಆರು ಎಕ್ಸ್, ನಾಲ್ಕು ವೈ, ಇಪ್ಪತ್ತೈದು. ಅತ್ತೆ ಎಲೆ ಉಗಿದು ಬಂದು ಕೂತರು.

"ಎರಡನೇದೇ" ಅಂದರು.

"ಅದು ಹೆಂಗವ್ವ ಹೇಳ್ತೀರಿ?" ಅಂದೆ.

"ಮೊದಲನೇದು ತನ್ನ ಮಾತು ಹೇಳಿ ಸುಮ್ನಾಯ್ತು. ಎರಡನೇದು ಬಂದು ಅದೇ ಮಾತನ್ನ ಎರಡು ಪಟ್ಟು ಮಾಡಿ ಹೇಳ್ತು. ಹೇಳ್ಲಿ, ಬ್ಯಾಡ ಅನ್ನಲ್ಲ. ಮೇಲೆ ಮೂರು ಬೇರೆ ಸೇರಿಸ್ತು." ಸೊಸೆಯ ಕಡೆ ತಿರುಗಿದರು. "ನಿನ್ನ ನೋಡಕ್ಕೆ ಬಂದಾಗ ನಿಮ್ಮಪ್ಪ ಮಾತಾಡಿದ್ದೂ ಹಿಂಗೇ. ಹುಡುಗಿಗೆ ಅಡುಗೆ ಬರ್ತೈತೆ ಅಂದ, ಸರಿ. ಹೊಲದ ಕೆಲಸ ಬರ್ತೈತೆ ಅಂದ, ಸರಿ. ಅಷ್ಟಕ್ಕೇ ನಿಲ್ಲಿಸದೆ ಎಸ್ಸೆಸ್ಸೆಲ್ಸಿ ಪಾಸು ಅಂದ."

ಸೊಸೆಯ ಮುಖ ಕೆಂಪಾಯಿತು. ಇಷ್ಟು ವರ್ಷದಲ್ಲಿ ಆ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲವಂತೆ.

"ಸುಳ್ಳು ಅಂತ ಅವತ್ತೇ ಗೊತ್ತಿತ್ತಾ ಅತ್ತೆ?"

"ಗೊತ್ತಿಲ್ದೆ ಏನು. ಇವತ್ತಲ್ಲ ನಾಳೆ ಈ ಹುಡುಗಿ ಅದನ್ನ ನಿಜ ಮಾಡ್ತಾಳೆ ಅಂತಲೇ ಮನೆ ತುಂಬಿಸ್ಕೊಂಡೆ" ಅಂದರು ಅತ್ತೆ. ತಮ್ಮ ಕಾಲ ಮೇಲೆ ಬಂದು ಮಲಗಿದ್ದ ಪುಟಾಣಿಯೊಂದರ ತಲೆ ಸವರುತ್ತಾ, ಒಂಚೂರು ಮುನಿಸಿನಿಂದಲೇ ಸೇರಿಸಿದರು: "ನಾನೇನೋ ಒಂದೆರಡು ವರ್ಷ ಅಂದ್ಕೊಂಡಿದ್ದೆ. ನೀನು ಹದಿನಾರು ವರ್ಷ ಮಾಡಿದೆ."